ಬಿಚ್ಚದ ಕಟ್ಟು

ಡಚ್ಚರ ಯುದ್ಧನೌಕೆಯ ಹಿಂಬದಿಯ ಮೆಷಿನ್ ಗನ್ನಿಗೆ ಜಾವಾದ ನಾವಿಕ ಪೊನಿಜೊನನ್ನು ಬೆಲ್ಟಿನಿಂದ ಬಿಗಿದು ಬೀಗ ಹಾಕಿದ್ದರು. ಅಲ್ಲಿ ಬೆಂಕಿ ಬಿದ್ದಾಗ ಯಾರೂ ಬೀಗ ತೆಗೆಯಲಿಲ್ಲ.

ಮರುದಿನ ಅವನ ಜಾಗಕ್ಕೆ ತುಕಿರಾನ್‌ನ ಹೆಸರು ಬಂತು. ಅವನು ಪೊನಿಜೊನ ಪಕ್ಕದಲ್ಲೇ ನಿಂತು ಗನ್ನಿಗೆ ಗುಂಡಿನ ಸರ ಊಡಿಸುತ್ತಿದ್ದವನು. ಕಾದ ಬೀಗವನ್ನು ಎಳೆದೆಳೆದು ಅವನ ಅಂಗೈಯಲ್ಲಿ ಬೊಬ್ಬೆಗಳು ಎದ್ದಿದ್ದವು.

ಜಪಾನಿನ ವಿಮಾನಗಳು ಸುರಬಾಯ ಬಂದರಿನ ಮೇಲೆ ಮೊದಲ ಸಲ ಎರಗಿದಾಗ ಜಾವಾದ ಇಬ್ಬರು ನಾವಿಕರು ಗನ್ನು ಬಿಟ್ಟು ಮದ್ದುಗುಂಡಿನ ಪೆಟ್ಟಿಗೆಗಳ ಹಿಂದೆ ಅಡಗಿದ್ದರು. ಅದೇ ನೆಪವಾಗಿ ಲೆಫ್ಟಿನೆಂಟ್ ಟೆರ್‌ಹಾರ್ ಆ ಬೆಲ್ಟನ್ನು ಹೊಲಿಸಿದ. ಬೀಗ ಬೆನ್ನ ಹಿಂದೆ, ಕೀಲಿ ಅವನ ಜೇಬಿನಲ್ಲಿ. ಮುಂಬದಿಯ ಗನ್ನು ಹಿಡಿಯುವ ಡಚ್ಚನಿಗೆ ಬೆಲ್ಟಿರಲಿಲ್ಲ. ಅವನೂ ಆ ದಿನ ಅದೇ ಪೆಟ್ಟಿಗೆಗಳ ಹಿಂದೆ ಕೂತಿದ್ದ. ಮದ್ದು ತರಲು ಹೋಗಿದ್ದ ಎಂದಾಯಿತು.

ವಿಮಾನಗಳ ಭಯ ತುಕಿರಾನ್‌ಗೂ ಇತ್ತು. ಆದರೆ ಅವನನ್ನು ಕಾಡುತ್ತಿದ್ದುದು ಬೇರೆಯದೇ. ಪೊನಿಜೊನನ್ನು ಕ್ಯಾನ್ವಾಸಿನಲ್ಲಿ ಸುತ್ತಿ, ತಲೆಗೆ, ನಡುವಿಗೆ, ಕಾಲಿಗೆ ಹಗ್ಗ ಬಿಗಿದು ಕಡಲಿಗೆ ತಳ್ಳಿದ್ದರು. ಊರಿನಲ್ಲಾದರೆ ಗೋರಿಗಿಳಿಸಿ ಹೆಣದ ಬಟ್ಟೆಯ ಗಂಟು ಬಿಚ್ಚುತ್ತಾರೆ. ಬಿಚ್ಚದಿದ್ದರೆ ಸತ್ತವನು ಆ ಬಟ್ಟೆಯಲ್ಲೇ ಕುಪ್ಪಳಿಸುತ್ತ, ಬಿಚ್ಚುವವರನ್ನು ಹುಡುಕಿಕೊಂಡು ಬರುತ್ತಾನೆ. ಹಡಗಿನ ಅಡುಗೆಯವ ವಾಗಿಮಾನ್ ಗಂಟು ಸಡಿಲಿಸೋಣವೇ ಎಂದು ಕೇಳಿದ್ದಕ್ಕೆ, ಸಡಿಲಿಸಿದರೆ ಹೆಣ ತೇಲುತ್ತದೆಂದು ಲೆಫ್ಟಿನೆಂಟ್ ಗದರಿದ್ದ. ಆಗಿನಿಂದ ಹಡಗಿನ ಮಗ್ಗುಲಿಗೆ ಅಲೆ ಬಡಿದಾಗಲೆಲ್ಲ ತುಕಿರಾನ್ ಬೆಚ್ಚುತ್ತಿದ್ದ.

ತಟ್ಟೆ ಮುಟ್ಟದೆ ಕೂತವನನ್ನು ವಾಗಿಮಾನ್ ಕೆಣಕಿದ. "ಉಣ್ಣೋ. ಹೆಂಗೂ ಬೆಲ್ಟ್ ಹಾಕ್ತಾರೆ, ಚಡ್ಡಿ ಜಾರೋ ಚಿಂತೆ ಇಲ್ಲ ನಿಂಗೆ."

"ಅಣ್ಣಾ, ಹಡಗು ಮುಳುಗಿದ್ರೆ?"

ವಾಗಿಮಾನ್‌ನ ನಗು ಆರಿತು. ಸೌಟನ್ನು ಕೆಳಗಿಟ್ಟ. "ಕೀಲಿ ಇಟ್ಕೊಂಡೋನೇ ಮೊದ್ಲು ದೋಣಿ ಹತ್ತೋದು ಕಣೋ."

ಅಷ್ಟರಲ್ಲಿ ಸೈರನ್ ಕೂಗಿತು. ಎದುರಿನ ಮಡುರಾ ದ್ವೀಪದ ಮೇಲೆ ಚುಕ್ಕೆಗಳು ಕಾಣಿಸಿದವು. ತುಕಿರಾನ್ ಓಡಿದ, ಗನ್ನಿನ ಕಡೆಗೇ. ಹಿಡಿಗಳನ್ನು ಹಿಡಿದು ನಳಿಗೆಯನ್ನು ಮೇಲಕ್ಕೆ ತಿರುಗಿಸಿದ.

ಲೆಫ್ಟಿನೆಂಟ್ ಬೆಲ್ಟು ಹಿಡಿದು ಹಿಂದೆಯೇ ಬಂದ. ಅದರ ಅಂಚು ಕರಕಲಾಗಿತ್ತು.

"ಕೈ ಎತ್ತು."

ತುಕಿರಾನ್ ಎತ್ತಲಿಲ್ಲ. ತಾನಾಗಿಯೇ ಓಡಿ ಬಂದು ನಿಂತಿದ್ದೇನಲ್ಲ ಎಂದುಕೊಂಡ, ಹಿಡಿಗಳನ್ನು ಬಿಡಲಿಲ್ಲ.

"ಓಡಿಹೋಗೋ ಜಾತಿ ನಿಮ್ದು. ಎತ್ತು ಅಂದೆ."

ಇಂಜಿನುಗಳ ಸದ್ದು ಎದೆಯೊಳಗೇ ಮೊಳಗತೊಡಗಿತು. ತುಕಿರಾನ್‌ನ ತೊಡೆಗುಂಟ ಉಚ್ಚೆ ಬೆಚ್ಚಗೆ ಇಳಿಯಿತು. ಲೆಫ್ಟಿನೆಂಟನ ಪಿಸ್ತೂಲಿನ ಮೂತಿ ಅವನ ಕುತ್ತಿಗೆಗೆ ತಾಗಿತು.

"ವಿಮಾನಕ್ಕೆ ಗುಂಡು ಹಾರಿಸ್ತೀನಿ, ದೊರೇ," ಎಂದ ತುಕಿರಾನ್, ತಿರುಗಿ ನೋಡದೆ. ಬೊಬ್ಬೆ ಒಡೆದ ಅಂಗೈಗಳಿಂದ ಹಿಡಿಗಳನ್ನು ಇನ್ನಷ್ಟು ಬಿಗಿ ಹಿಡಿದ. "ಕಟ್ಟಿಸ್ಕೊಳ್ಳಲ್ಲ."