ಬರಿಗಿವಿ

ಅಮ್ಮನ ತಲೆ ಬಾಚುತ್ತಿದ್ದ ಮಗಳ ಕೈ ಬಲಗಿವಿಯ ಹಿಂದೆ ಬಂದು ನಿಂತಿತು. ಚರ್ಮದಡಿಯ ಆ ಸಣ್ಣ ಉಬ್ಬು ಬೆರಳಿಗೆ ಸಿಕ್ಕಿತು. ಅದರ ಮೇಲೆ ಅಯಸ್ಕಾಂತದಿಂದ ಅಂಟಿಕೊಂಡಿರಬೇಕಾದ ಬಿಲ್ಲೆ ಇರಲಿಲ್ಲ. ಕಿವಿಗೆ ಸಿಕ್ಕಿಸುವ ಮೆಷಿನ್ನೂ ಇರಲಿಲ್ಲ.

"ಮೆಷಿನ್ ಎಲ್ಲಿ?"

ಬಾಗಿಲ ಬಳಿ ನಿಂತಿದ್ದ ಅಣ್ಣ ಗಡಿಯಾರ ನೋಡಿಕೊಂಡ. "ಈಗ ಅದ್ಯಾಕೆ? ಸ್ಮಶಾನದ ಗಾಡಿಯವನು ಆಗಲೇ ಎರಡು ಸಲ ಕೇಳಿದ."

"ಹದಿನಾರು ವರ್ಷ ಹಾಕ್ಕೊಂಡಿದ್ದಾಳೆ. ಹಾಕೇ ಕಳಿಸೋಣ. ಎಲ್ಲಿಟ್ಟಿದ್ದೀಯ?"

"ಆಸ್ಪತ್ರೆ ಗಡಿಬಿಡೀಲಿ ಎಲ್ಲೋ ಹೋಯ್ತು ಕಣೆ."

ಅತ್ತಿಗೆ ಎದ್ದು ಬೀರು ತೆಗೆದಳು. ಮೇಲಿನ ಖಾನೆಯಿಂದ ಒಂದು ಡಬ್ಬಿ ತಂದು ನಾದಿನಿಯ ಕೈಗಿಟ್ಟಳು. ಗಂಡನ ಮುಖವನ್ನು ಮಾತ್ರ ನೋಡಲಿಲ್ಲ. ಮಗಳು ಮುಚ್ಚಳ ತೆಗೆದು ಗುಂಡಿ ಒತ್ತಿದಳು. ಹಸಿರು ದೀಪ ಹತ್ತಿತು.

"ಚಾರ್ಜ್ ತುಂಬಾ ಇದೆ. ಯಾವಾಗಿಂದ ಇಲ್ಲಿದೆ ಇದು?"

"ಸೋಮವಾರದಿಂದ," ಎಂದಳು ಅತ್ತಿಗೆ.

ಮಗಳು ದೂರದೂರಿನ ರೈಲ್ವೆ ಸಿಗ್ನಲ್ ಕೊಠಡಿಯಿಂದ, ಬದಲಿ ಕೆಲಸದವರ ದಾರಿ ಕಾಯುತ್ತ, ಅಮ್ಮನಿಗೆ ಫೋನ್ ಮಾಡಿದ್ದು ಮಂಗಳವಾರ.

*

ಅಮ್ಮನ ಕಿವಿ ಹೋದದ್ದು ಮೂವತ್ತನೇ ವಯಸ್ಸಿನಲ್ಲಿ, ಯಾವುದೋ ಸೋಂಕಿಗೆ ಕೊಟ್ಟ ಇಂಜೆಕ್ಷನ್ನುಗಳಿಂದ. ಜೀವ ಉಳಿಯಿತು, ಶಬ್ದ ಹೋಯಿತು. ಅವಳು ಶರ್ಟು ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಕೂರಿಸುತ್ತಿದ್ದಳು. ಹೇಗೂ ಕೇಳಿಸುವುದಿಲ್ಲವಲ್ಲ ಎಂದು ಮೇಸ್ತ್ರಿ ಅವಳನ್ನು ಗದ್ದಲ ಹೆಚ್ಚಿರುವ ಸಾಲಿಗೆ ದೂಡಿದ. ಹನ್ನೆರಡು ವರ್ಷ ಅವಳು ಜನರ ತುಟಿ ನೋಡಿಕೊಂಡೇ ಬದುಕಿದಳು.

ಆಮೇಲೆ ಕಿವಿಯ ಆಪರೇಷನ್ ಆಯಿತು, ತಿಂಗಳಿಗೆ ಮೆಷಿನ್ ಚಾಲೂ ಮಾಡಿದರು. ಆಗ ಮಗಳಿಗೆ ಹದಿನಾಲ್ಕು.

"ನನ್ನ ಮಾತು ಕೇಳಿಸ್ತಿದೆಯಾ?" ಎಂದಳು ಕಿವಿ ತಜ್ಞೆ.

ಅಮ್ಮ ಹುಬ್ಬು ಗಂಟಿಕ್ಕಿದಳು. "ತಗಡಿನ ಡಬ್ಬಿಯೊಳಗೆ ಕಪ್ಪೆ ಕೂತು ವಟಗುಟ್ಟಿದ ಹಾಗಿದೆ. ಅದು ನೀವೇನಾ?"

ತಜ್ಞೆಗೆ ನಗು ತಡೆಯಲಾಗಲಿಲ್ಲ. "ಒಳಗಿವಿಯಲ್ಲಿ ಒಂದು ತಂತಿ ಇಟ್ಟಿದ್ದೀವಮ್ಮ. ಅದು ನರಕ್ಕೆ ಕರೆಂಟು ಮುಟ್ಟಿಸುತ್ತೆ, ಅಷ್ಟೇ. ಅದನ್ನ ಮಾತು ಮಾಡ್ಕೊಳ್ಳೋದು ನಿಮ್ಮ ತಲೆ ಕೆಲಸ. ದಿನಾ ಅಭ್ಯಾಸ ಮಾಡಿ."

ದಿನಾ ಸಂಜೆ ಮಗಳು ಬಾಯಿಗೆ ರಟ್ಟು ಅಡ್ಡ ಹಿಡಿದು ಒಂದೊಂದೇ ಪದ ಹೇಳುತ್ತಿದ್ದಳು. "ಹಾಲು." "ಕಾಲು?" "ಕೂಗು." "ಮೂಗು?" ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು. "ಇನ್ನು ಅಂಗಡೀಲಿ ಕಾಲು ಲೀಟರ್ ಹಾಲು ಕೇಳಿದ್ರೆ ಅವನೇನಂದ ಅಂತ ತಿಳಿಯೋದು ಹೇಗೇ!" ಅಣ್ಣ ನಿಮ್ಮಿಬ್ಬರದೂ ತಲೆನೋವು ಎಂದು ಎದ್ದು ಆಚೆ ಹೋಗುತ್ತಿದ್ದ. ಒಂಬತ್ತು ತಿಂಗಳಲ್ಲಿ ರಟ್ಟು ಮೂಲೆ ಸೇರಿತು. ಆದರೆ ಫೋನಿನಲ್ಲಿ ಮಾತ್ರ ಅಮ್ಮನಿಗೆ ಕೊನೆಯವರೆಗೂ ಅರ್ಥವಾಗುತ್ತಿದ್ದದ್ದು ಒಂದೇ ದನಿ, ಮಗಳದು.

*

ಹೊರಕೋಣೆಯಲ್ಲಿ ಕಾರ್ಖಾನೆಯ ಹೆಂಗಸರು ಕೂತಿದ್ದರು. ಶರ್ಟಿನ ಗುಂಡಿಗೆ ಕಾಜಾ ಹಾಕುವವಳು, ಎಲ್ಲರ ಬಾಯಲ್ಲೂ ಕಾಜಕ್ಕ, ಅಳುತ್ತಲೇ ಹೇಳುತ್ತಿದ್ದಳು:

"ಆ ಮೇಸ್ತ್ರಿ ಹನ್ನೆರಡು ವರ್ಷ ಇವಳ ಬೆನ್ನ ಹಿಂದೆ ನಿಂತು ಕಿವುಡು ಎಮ್ಮೆ ಅಂತಿದ್ದ. ನಾವೂ ನಗ್ತಿದ್ವಿ, ಸುಳ್ಳು ಯಾಕೆ ಹೇಳಲಿ. ಮೆಷಿನ್ ಹಾಕ್ಕೊಂಡ ಮೇಲೂ ಒಂದಿನ ಅಂದ. ಇವಳು ತಿರುಗಲೂ ಇಲ್ಲ. ಹೊಲೀತಾನೇ ಅಂದಳು, 'ಎಮ್ಮೆ ಒದ್ರೆ ಹಲ್ಲು ಉಳಿಯಲ್ಲ, ಸ್ವಲ್ಪ ದೂರ ನಿಂತ್ಕೋ ಸ್ವಾಮಿ.' ಇಡೀ ಸಾಲಿನ ಮೆಷಿನ್ ನಿಂತೋಯ್ತು!"

ಒಳಗೆ ಮಗಳು ಅಣ್ಣನ ಎದುರಿಗೆ ಬಂದು ನಿಂತಿದ್ದಳು.

"ಮಂಗಳವಾರ ನಾನು ಫೋನ್ ಮಾಡಿದೆ. ಅಮ್ಮನ ಕಿವಿಗೆ ಹಿಡಿದಿದ್ದೀನಿ, ಮಾತಾಡು ಅಂದೆ ನೀನು."

ಅಣ್ಣ ಬೀರುವಿನ ಬಾಗಿಲು ಮುಚ್ಚಲು ಹೋದ.

"ಬರ್ತಿದ್ದೀನಿ ಅಮ್ಮಾ, ಕಾಯ್ತಿರು ಅಂತ ನಾನು ಬಡ್ಕೊಂಡೆ. ಅವಳು 'ಯಾರು? ಯಾರದು?' ಅಂತಲೇ ಇದ್ದಳು. ಅವಳಿಗೀಗ ಯಾರ ಗುರುತೂ ಹತ್ತಲ್ಲ ಅಂದೆ ನೀನು. ನನ್ನನ್ನೇ ಮರೆತುಬಿಟ್ಟಳಲ್ಲ ಅಂತ ದಾರಿಯುದ್ದಕ್ಕೂ ಅತ್ಕೊಂಡು ಬಂದೆನಲ್ಲೋ! ಬರಿಗಿವಿಗೆ ಹಿಡಿದಿದ್ದೆ ಅಲ್ವಾ?"

"ಡಾಕ್ಟರು ಮಂಚದ ಪಕ್ಕದಲ್ಲೇ ನಿಂತು ಇನ್ನೆರಡು ಮೂರು ದಿನ ಅಂತಿದ್ರು. ಅವಳಿಗೆ ಕೇಳಿಸಬಾರದು ಅಂತ ತೆಗೆದೆ. ಹೆದರ್ತಾಳೆ ಅಂತ. ತಪ್ಪಾ?"

"ಡಾಕ್ಟರು ಹೋದ ಮೇಲೆ ಹಾಕಬಹುದಿತ್ತಲ್ಲ?"

"ಹಾಕಿದ್ರೆ ಏನಂದ್ರು ಅಂತ ಕೇಳ್ತಿದ್ದಳು. ಏನಂತ ಹೇಳಲಿ ನಾನು?"

"ಅತ್ತೆ ಎರಡು ಸಲ ಕೇಳಿದ್ರು," ಅತ್ತಿಗೆ ನಡುವೆ ಬಾಯಿ ಹಾಕಿದಳು. "'ನನ್ನ ಕಿವಿ ಕೊಡೋ' ಅಂತ. ಇವರು ಚಾರ್ಜ್ ಇಲ್ಲ ಅಂತ ಕೈಯಾಡಿಸಿಬಿಟ್ರು."

ಹೊರಕೋಣೆಯ ಮಾತು ನಿಂತಿತು. ಮಗಳ ಕೈ ಮೇಲೆದ್ದಿತು. ಹೊಡೆಯುತ್ತಾಳೆ ಎಂದು ಅಣ್ಣ ಕಣ್ಣು ಮುಚ್ಚಿದ. ಅವಳು ಹೊಡೆಯಲಿಲ್ಲ.

"ಅವಳು ಹೆದರ್ತಾಳೆ ಅಂತಲ್ಲ," ಎಂದಳು. "ನೀನು ಹೆದರಿದೆ. ನಿನ್ನ ಹೆದರಿಕೆಗೆ ಅವಳನ್ನ ಮತ್ತೆ ಕಿವುಡಿ ಮಾಡಿದೆ. ಸಾಯೋವಾಗ, ಒಂಟಿಯಾಗಿ. ಅವಳ ಸಾವು ಅವಳದಾಗಿತ್ತು ಕಣೋ. ಮುಚ್ಚಿಡೋಕೆ ನೀನ್ಯಾರು?"

ದೂರದ ನೆಂಟರೊಬ್ಬರು ಬಾಗಿಲಲ್ಲಿ ಇಣುಕಿ, "ಹೆಣದ ಮುಂದೆ ಜಗಳ ಬೇಡಮ್ಮ, ಬೇರೆಯವರು ಕೇಳಿಸ್ಕೊಳ್ತಾರೆ," ಎಂದರು.

"ಕೇಳಿಸ್ಕೊಳ್ಳಲಿ!" ಎಂದು ಕಿರುಚಿದಳು ಮಗಳು. "ಕೇಳಿಸಬೇಕಾದವಳೊಬ್ಬಳಿಗೆ ಬಿಟ್ಟು ಊರಿಗೆಲ್ಲ ಕೇಳಿಸಲಿ!"

ಆಮೇಲೆ ಅವಳು ಕೂತು, ಉಳಿದ ಅರ್ಧ ತಲೆ ಬಾಚಿದಳು. ಮೆಷಿನ್ ಕಿವಿಗೆ ಸಿಕ್ಕಿಸಿದಳು. ಬಿಲ್ಲೆಯನ್ನು ಹತ್ತಿರ ತಂದದ್ದೇ ತಡ, ಅದು ತಾನಾಗಿ ಹೋಗಿ ಅಂಟಿಕೊಂಡಿತು. ಅದರ ಹಸಿರು ದೀಪ ಆರಿಸಲಿಲ್ಲ.

ಮಣ್ಣು ಮಾಡಿ ಎಲ್ಲರೂ ಸ್ಮಶಾನದ ಗೇಟಿಗೆ ಬಂದಾಗ ಬಿಸಿಲು ಏರಿತ್ತು. ಅಣ್ಣ ಗಾಡಿಯ ಬಾಗಿಲು ಹಿಡಿದು ನಿಂತಿದ್ದ. "ಹತ್ತು. ಮನೇಲಿ ಕೂತು ಮಾತಾಡೋಣ."

ಅವಳು ಹತ್ತಲಿಲ್ಲ. ಕಾಜಕ್ಕ ಬಂದು ಅವಳ ತೋಳು ಹಿಡಿದಳು. ಹೆಂಗಸರು ಇಬ್ಬಿಬ್ಬರಾಗಿ ರಸ್ತೆಗಿಳಿದರು. ವರ್ಷಗಟ್ಟಲೆ ಮೆಷಿನ್ನುಗಳ ನಡುವೆ ಕೂಗಿ ಕೂಗಿ ಮೆಲ್ಲಗೆ ಮಾತಾಡುವುದೇ ಮರೆತುಹೋದವರು. ಮೇಸ್ತ್ರಿಯ ಬಗ್ಗೆ ಒಬ್ಬಳು ಏನೋ ಅಂದಳು, ಇನ್ನೊಬ್ಬಳು ಅದಕ್ಕೆ ಒಗ್ಗರಣೆ ಹಾಕಿದಳು, ಮಗಳು ಮೂಗೊರೆಸಿಕೊಂಡು "ಆಮೇಲೆ?" ಎಂದಳು.

ಹಿಂದೆ ಗಾಡಿ ಹಾರನ್ ಹೊಡೆಯಿತು. ಮತ್ತೆ ಹೊಡೆಯಿತು, ಈ ಸಲ ಉದ್ದಕ್ಕೆ. ಎದುರಿನಿಂದ ಬರುತ್ತಿದ್ದ ಸೈಕಲ್ಲಿನವನೂ ನಿಂತು ನೋಡಿದ. ಹೆಂಗಸರು ರಸ್ತೆಯ ನಡುವೆಯೇ, ಅದೇ ನಡಿಗೆಯಲ್ಲಿ, ಮುಂದೆ ಹೋಗುತ್ತಲೇ ಇದ್ದರು.