ಮರುಳಸಿದ್ದಮ್ಮನ ಕಾಣದ ಕುರ್ಚಿ

ಹೊಳಲ್ಕೆರೆಯ ಹೊಸ ಮನೆಗೆ ಸೊಸೆ ದಾಕ್ಷಾಯಿಣಿ ತಂದು ತುಂಬಿದ ಸಾಮಾನು ನೋಡಿ ಮರುಳಸಿದ್ದಮ್ಮ ಮೊದಲ ದಿನವೇ ಮೂಗು ಮುರಿದಿದ್ದಳು. ಸೊಸೆ ದುರ್ಗದಲ್ಲಿ ಊರವರ ಮನೆಗಳನ್ನೆಲ್ಲ ಒಳಗಿನಿಂದ ಸಿಂಗರಿಸಿ ಕೊಡುವ ಕೆಲಸದವಳು. ತನ್ನ ಮನೆಗೆ ತೇಗವೋ ಬೀಟೆಯೋ ತಂದಾಳು ಎಂದುಕೊಂಡರೆ ತಂದದ್ದು ಪ್ಲಾಸ್ಟಿಕ್ಕು! ಅದೂ ಯಾರೋ ಬಳಸಿ ಬಿಟ್ಟ ಹಳೇ ಪ್ಲಾಸ್ಟಿಕ್ಕು. ಮುಚ್ಚಿಹೋದ ಟಾಕೀಸಿನ ಆಫೀಸಿನಲ್ಲಿದ್ದ ಕಿತ್ತಳೆ ಬಣ್ಣದ ಫೈಬರ್ ಕುರ್ಚಿ, ಒಂಟಿ ಕಾಲಿನ ಬಿಳಿ ದುಂಡು ಮೇಜು, ಅದರ ಮೇಲೆ ಅಣಬೆಯಂಥ ದೀಪ. ಮದುವೆ ಛತ್ರದಲ್ಲಿ ಒಂದರ ಮೇಲೊಂದು ಪೇರಿಸಿಡುವ ಕುರ್ಚಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಅತ್ತೆಗೆ ಅರ್ಥವಾಗಲಿಲ್ಲ. ಮಗ ಕೊಟ್ರೇಶನದೂ ಅದೇ ರಾಗ.

"ಹಗಲೆಲ್ಲ ಅಂಗಡೀಲಿ ಪ್ಲಾಸ್ಟಿಕ್ ಪೈಪ್ ಮಾರಿ ಮನೆಗೆ ಬಂದ್ರೆ ಇಲ್ಲೂ ಪ್ಲಾಸ್ಟಿಕ್ಕೇನಾ?"

"ಅದು ಪೈಪು, ಇದು ಕುರ್ಚಿ," ಎಂದಳು ದಾಕ್ಷಾಯಿಣಿ. "ಪ್ಲಾಸ್ಟಿಕ್ಕಿಗೂ ಒಂದು ಕಾಲದಾಗೆ ಮರ್ಯಾದೆ ಇತ್ತು. ಆಗ ಮಾಡಿದ್ದು ಇವು. ಸ್ವಲ್ಪ ದಿನ ನೋಡ್ರಿ, ಆಮೇಲೆ ಹೇಳ್ರಿ."

ನೋಡನೋಡುತ್ತ ಮರುಳಸಿದ್ದಮ್ಮನ ಕಣ್ಣಿಗೆ ರುಚಿ ಹತ್ತಿತು. ಬಿಳಿ ಗೋಡೆಯ ಮುಂದಿನ ಆ ಕಿತ್ತಳೆ ಕುರ್ಚಿ ಬೆಳಗಿನ ಬಿಸಿಲು ಬಿದ್ದರೆ ಇಡೀ ಪಡಸಾಲೆಯನ್ನು ನಗಿಸುತ್ತಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಸುಮ್ಮನೆ ಹೇಳುತ್ತಾರೆಯೇ? ಸೊಸೆಯ ಕಾಲ ಬಂದಿತ್ತು, ಅದು ಚೆಂದವಾಗಿಯೂ ಇತ್ತು.

ಕೊನೆಗೆ ಬಂದದ್ದು ಆ ಪಾರದರ್ಶಕ ಕುರ್ಚಿ. ಹೊಸದುರ್ಗದ ಜಂಪಣ್ಣ ತನ್ನ ಫೋಟೋ ಸ್ಟುಡಿಯೋ ಮುಚ್ಚುವಾಗ ದಾಕ್ಷಾಯಿಣಿ ಕೇಳಿ ಕೇಳಿ ತಂದದ್ದು. ದಪ್ಪನೆಯ ಅಕ್ರಿಲಿಕ್ ಹಾಳೆಯೊಂದನ್ನು ಕಾಯಿಸಿ, ಬೆನ್ನು, ಕೂರುವ ಜಾಗ, ಕಾಲು ಎಲ್ಲ ಒಂದೇ ಹರಿವಿನಲ್ಲಿ ಬರುವಂತೆ ಬಗ್ಗಿಸಿದ್ದರು. ಒಂದು ಮೊಳೆಯಿಲ್ಲ, ಒಂದು ಬೆಸುಗೆಯಿಲ್ಲ. ಮದುವಣಗಿತ್ತಿಯ ಸೀರೆಯಂಚು ಫೋಟೋದಲ್ಲಿ ಎಲ್ಲೂ ಮರೆಯಾಗಬಾರದೆಂದು ಜಂಪಣ್ಣ ಆ ಕಾಲದಲ್ಲೇ ಬೊಂಬಾಯಿಯಿಂದ ತರಿಸಿದ್ದನಂತೆ. ಮಬ್ಬು ಹಿಡಿದಿದ್ದ ಅದನ್ನು ಸೊಸೆ ಮೆತ್ತನೆ ಬಟ್ಟೆಯಲ್ಲಿ ದಿನಗಟ್ಟಲೆ ಉಜ್ಜಿ ಉಜ್ಜಿ ತಿಳಿನೀರು ಮಾಡಿದಳು. ಅಂಚಿನಲ್ಲಿ ಮಾತ್ರ ಕೆರೆಯ ನೀರಿನ ಹಸಿರು ಹೊಳೆಯುತ್ತಿತ್ತು. ಅದನ್ನು ನೋಡಿ ಮರುಳಸಿದ್ದಮ್ಮ ಬಾಯ ಮೇಲೆ ಬೆರಳಿಟ್ಟುಕೊಂಡಳು.

ಆದರೆ ಕೂರುವ ಮಾತು ಬೇರೆ. ಈ ಮನೆತನದ ಸೊಸೆಯಂದಿರು ಹಿರಿಯರೆದುರು ಕುರ್ಚಿ ಹತ್ತುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ಮರುಳಸಿದ್ದಮ್ಮ ಚಾಪೆ ಬಿಟ್ಟು ಕೂತವಳಲ್ಲ. ಮಾವ ಹೋದರು, ಅತ್ತೆ ಹೋದರು, ಗಂಡನೂ ಹೋದ. ಆದರೆ ಗಂಡನ ಅಣ್ಣ ಮುರುಗಪ್ಪನವರು ರಾಮಗಿರಿಯಲ್ಲಿ ಗುಂಡುಕಲ್ಲಿನಂತಿದ್ದರು. ಪೇಟೆಗೆ ಬಂದಾಗಲೆಲ್ಲ ಹೇಳದೆ ಕೇಳದೆ ಮನೆಯೊಳಗೆ ಕಾಲಿಡುತ್ತಿದ್ದರು. ಹೀಗಾಗಿ ಚಾಪೆ ತಪ್ಪಲಿಲ್ಲ, ಚಾಪೆಯಿಂದ ಏಳುವಾಗ ಜೀವ ಹಿಂಡುವ ಮೊಣಕಾಲ ನೋವೂ ತಪ್ಪಲಿಲ್ಲ.

"ಅತ್ತೆ, ಇದ್ರಾಗೆ ಕುಂತ್ಕಳ್ರಿ," ಎಂದಳು ದಾಕ್ಷಾಯಿಣಿ ಒಂದು ದಿನ. "ಕುರ್ಚೀನೇ ಕಾಣದಿಲ್ಲ. ಇನ್ನು ನೀವು ಕುಂತಿದ್ದು ಯಾರಿಗೆ ಕಾಣ್ತೈತೆ?"

ತಮಾಷೆಗೆಂದು ಹೇಳಿದ ಮಾತು ಮರುಳಸಿದ್ದಮ್ಮನಿಗೆ ನ್ಯಾಯವಾಗಿ ಕಂಡಿತು. ಅಂಜುತ್ತ ಕೂತಳು. ಸೀರೆಯ ನೆರಿಗೆ ಇಳಿಬಿದ್ದು ಕುರ್ಚಿ ಮಾಯವಾಯಿತು. ಮೊಣಕಾಲು ಹಗುರಾದವು, ಬೆನ್ನಿಗೆ ಯಾರೋ ಅಂಗೈ ಕೊಟ್ಟಂತಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ! ಅಂದಿನಿಂದ ಕಿಟಕಿಯ ಬಳಿ ಆ ಕುರ್ಚಿಯಲ್ಲಿ ಕೂತೇ ಅವರೆಕಾಯಿ ಬಿಡಿಸುವುದು, ಅಕ್ಕಿ ಆರಿಸುವುದು, ಬೀದಿಯ ಸುದ್ದಿ ನೋಡುವುದು. ಭಾವನ ಕೆಮ್ಮು ಗೇಟಿನಲ್ಲಿ ಕೇಳಿದರೆ ಮಾತ್ರ ಹೇಗೋ ಎದ್ದು ಅಡುಗೆಮನೆ ಸೇರುತ್ತಿದ್ದಳು. ಒಂದು ವಸ್ತುವಿನ ಮೇಲೆ ಇಷ್ಟು ಪ್ರೀತಿ ಅವಳಿಗೆ ಜನ್ಮದಲ್ಲಿ ಹುಟ್ಟಿರಲಿಲ್ಲ.

ಹೀಗಿರುವಾಗ ಮುರುಗಪ್ಪನವರು ಸಂತೋಷದ ಸುದ್ದಿ ತಂದರು. ಮಠದ ಗುರುಗಳು ಹೊಸ ಮನೆಗೆ ಪಾದಪೂಜೆಗೆ ದಯಮಾಡಿಸಲು ಒಪ್ಪಿದ್ದರು. ಸುದ್ದಿ ಹೇಳುತ್ತ ಅವರ ಕಣ್ಣು ಕಿಟಕಿಯ ಬಳಿಯ ಕುರ್ಚಿಯ ಮೇಲೆ ನಿಂತಿತು.

"ಏನ್ ಚೆಂದ ಐತಲ್ಲವ್ವ ದಾಕ್ಷಾಯಿಣಿ! ಸ್ಫಟಿಕದ ಸಿಂಹಾಸನ ಇದ್ದಂಗೈತೆ. ಬುದ್ಧಿಯೋರನ್ನ ಇದ್ರಾಗೇ ಕುಂದ್ರಿಸಾಣ."

ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ಮರುಳಸಿದ್ದಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಗುರುಗಳು ಕೂತೆದ್ದ ಆಸನದಲ್ಲಿ ಮತ್ತೆ ಸಂಸಾರಿಗಳು ಕೂರುವಂತಿಲ್ಲ. ಅದು ವಿಭೂತಿ ಹಚ್ಚಿಸಿಕೊಂಡು, ಮಡಿಬಟ್ಟೆ ಹೊದ್ದು ದೇವರ ಕೋಣೆ ಸೇರುತ್ತದೆ. ಗುರುಗಳ ಮೇಲೆ ಅವಳಿಗೆ ಭಕ್ತಿ ಕಡಿಮೆಯೇನಲ್ಲ. ಆದರೂ ತಾನು ಕೂರುವ ಒಂದೇ ಒಂದು ಜಾಗ ಪೂಜೆಯ ಸಾಮಾನಾಗುತ್ತದಲ್ಲ ಎಂದು ಹೊಟ್ಟೆ ಉರಿಯಿತು.

"ನಾನು ದೊಡ್ಡಮಾವಗೆ ಹೇಳ್ತೀನಿ ಬಿಡ್ರಿ," ಎಂದಳು ಸೊಸೆ, ಅವರು ಹೋದ ಮೇಲೆ.

"ಬ್ಯಾಡ ಕಣವ್ವ. ಏನಂತ ಹೇಳ್ತೀಯ? ನಮ್ಮತ್ತೆ ಕುರ್ಚಿ ಮೇಲೆ ಕುಂತ್ಕತಾಳೆ ಅಂತಾನಾ? ಮಾನ ಹೋಗ್ತೈತೆ."

ಪೂಜೆಯ ದಿನ ಬೆಳಿಗ್ಗೆ ಬಾಗಿಲಿಗೆ ಮಾವಿನ ತೋರಣ, ಒಳಗೆ ಹೋಳಿಗೆಯ ಘಮ. ಕೆಲಸವೆಲ್ಲ ಮುಗಿದಾಗ ಮರುಳಸಿದ್ದಮ್ಮ ಕಡೆಯ ಸಲಕ್ಕೆಂದು ಕಿಟಕಿಯ ಬಳಿ ಹೋಗಿ ಕೂತಳು. ಅಂಗೈಯಿಂದ ಕುರ್ಚಿಯ ತಣ್ಣನೆಯ ಅಂಚು ಸವರಿದಳು. ದುಃಖ ಉಕ್ಕಿ ಬಂತು. ಆ ಗುಂಗಿನಲ್ಲಿ ಗೇಟಿನ ಸದ್ದು ಕಿವಿಗೆ ಬೀಳಲಿಲ್ಲ. ತಲೆ ಎತ್ತಿದಾಗ ಮುರುಗಪ್ಪನವರು ಪಡಸಾಲೆಯ ನಡುವೆ ನಿಂತಿದ್ದರು. ಏಳಲು ಹೋದಳು, ಮೊಣಕಾಲು ಮಾತು ಕೇಳಲಿಲ್ಲ.

"ಎಲ್ಲೈತವ್ವ ದಾಕ್ಷಾಯಿಣಿ ಆ ಸ್ಫಟಿಕದ ಕುರ್ಚಿ?" ಎನ್ನುತ್ತ ಅವರು ಸುತ್ತ ಕಣ್ಣಾಡಿಸಿದರು. ಮೂಲೆ ನೋಡಿದರು, ದೇವರ ಕೋಣೆ ಇಣುಕಿದರು. ಮರುಳಸಿದ್ದಮ್ಮನ ಕಡೆಗೂ ನೋಡಿದರು, ಕಿಟಕಿಯ ಪರದೆ ನೋಡಿದಂತೆ ನೋಡಿ ಮುಖ ತಿರುಗಿಸಿದರು. ಅಡುಗೆಮನೆಯ ಬಾಗಿಲಿಗೆ ಬಂದ ದಾಕ್ಷಾಯಿಣಿ ಅತ್ತೆಯನ್ನೇ ನೋಡುತ್ತ ನಿಂತಳು.

ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಅವರು ಹಿತ್ತಲಿಗೆ ಹೋದ ಮೇಲೆ ಎದ್ದು ಕುರ್ಚಿ ಒಪ್ಪಿಸಿದರಾಗಿತ್ತು. ಆದರೆ ಮರುಳಸಿದ್ದಮ್ಮನಿಗೆ ಎಂದೂ ಬಾರದ ಕೋಪ ಬಂತು. ಕುರ್ಚಿ ಕಾಣಲಿಲ್ಲವೆಂದರೆ ಅದು ಮಾಡಿದವರ ಜಾಣತನ, ಒಪ್ಪೋಣ. ಅದರ ಮೇಲೆ ಕೂತ ಇಷ್ಟು ದೊಡ್ಡ ಹೆಂಗಸೂ ಕಾಣಲಿಲ್ಲವೇ?

"ಇಲ್ಲೈತ್ರಿ ಭಾವ," ಎಂದಳು. "ನಾನು ಕುಂತೀನಿ. ನಂಗೆ ಕೆಳಗೆ ಕುಂತು ಏಳಕ್ಕಾಗದಿಲ್ಲ. ಇದು ನನ್ನ ಕುರ್ಚಿ."

ಮುರುಗಪ್ಪನವರು ತಿರುಗಿದರು. ಸೀರೆಯ ನೆರಿಗೆಯ ಕೆಳಗೆ ಮಿನುಗುತ್ತಿದ್ದ ಹಸಿರು ಅಂಚನ್ನು ನೋಡಿದರು. ಆಮೇಲೆ ಅವಳ ಮುಖ ನೋಡಿದರು. ಮರುಳಸಿದ್ದಮ್ಮ ತಲೆ ತಗ್ಗಿಸಲಿಲ್ಲ.

"ದಾಕ್ಷಾಯಿಣಿ," ಎಂದರು ಕೊನೆಗೆ, "ಆ ಕಿತ್ತಳೆ ಕುರ್ಚಿ ಚೆನ್ನಾಗಿ ಒರೆಸಿ ಇಡವ್ವ. ಕಾವಿ ಬಣ್ಣ ಇದ್ದಂಗೇ ಐತೆ. ಬುದ್ಧಿಯೋರಿಗೆ ಒಪ್ತೈತೆ."

ದಾಕ್ಷಾಯಿಣಿ ಸೆರಗಿನಲ್ಲೇ ಒರೆಸಲು ಓಡಿದಳು. ಮುರುಗಪ್ಪನವರು ಹೊರಗೆ ಹೋಗಲಿಲ್ಲ. ಕಿಟಕಿಯ ಕಟ್ಟೆಗೆ ಒಂದು ಕೈ ಕೊಟ್ಟು ತಮ್ಮನ ಹೆಂಡತಿಯ ಎದುರಿಗೇ ಕೆಳಗೆ ಕೂತರು.

"ಮಣಕಾಲು ಬಾಳ ನೋಯ್ತಾವಾ?"

ಆ ಮನೆತನಕ್ಕೆ ಸೊಸೆಯಾಗಿ ಬಂದ ಮೇಲೆ ಭಾವ ಅವಳನ್ನೇ ಉದ್ದೇಶಿಸಿ ಆಡಿದ ಮೊದಲ ಮಾತು ಅದು. ಅಲ್ಲಿಯವರೆಗಿನ ಮಾತೆಲ್ಲ ಗಂಡನ ಬಾಯಿಂದಲೋ ಮಗನ ಬಾಯಿಂದಲೋ ಸುತ್ತಿ ಬರುತ್ತಿತ್ತು. ಮರುಳಸಿದ್ದಮ್ಮನ ಕಣ್ಣು ತುಂಬಿದವು.

"ಬಾಳ ನೋಯ್ತಾವ್ರಿ ಭಾವ."

"ನನ್ನವೂ ನೋಯ್ತಾವೆ," ಎಂದರು ಮುರುಗಪ್ಪನವರು, ದನಿ ತಗ್ಗಿಸಿ. "ಯಾರಿಗೂ ಹೇಳಿಲ್ಲ."