ನಿನ್ನೆಯ ನೀರು

ಜೇವರ್ಗಿಯ ನಮ್ಮ ಬಡಾವಣೆಯ ನೀರಿನ ಟಾಕಿಗೆ ಇಪ್ಪತ್ತೆರಡು ವರ್ಷಗಳಿಂದ ಬ್ಲೀಚಿಂಗ್ ಪುಡಿ ಕಲಸಿ ಹಾಕುವವನು ನಾನೇ, ಅಂಬಾರಾಯ. ಓಣಿಗಳಿಗೆ ಸರದಿಯಂತೆ ನಳ ಬಿಡುವವನೂ ನಾನೇ. ನನ್ನ ನೀರು ಕುಡಿದು ಒಬ್ಬರಿಗೂ ವಾಂತಿಭೇದಿ ಆಗಿಲ್ಲವೆಂದು ಸ್ವಲ್ಪ ಜಂಬವಿದೆ. ಇರಲಿ ಬಿಡಿ, ಬೇರೆ ಜಂಬಕ್ಕೆ ನನ್ನ ಹತ್ತಿರ ಏನಿದೆ? ಹಾಗಾಗಿ ಮನೆಯ ಮೀನುಗಳು ಒಂದೊಂದಾಗಿ ಸಾಯತೊಡಗಿದಾಗ ಎಲ್ಲರ ಮೇಲೂ ಅನುಮಾನ ಬಂತು, ನೀರಿನ ಮೇಲೊಂದು ಬಿಟ್ಟು.

ಮೀನು ತಂದವಳು ಮಗಳು ಮಹಾನಂದಾ. ಅಫಜಲಪುರದಲ್ಲಿ ನರ್ಸು, ಬರುವುದು ವಾರಕ್ಕೊಮ್ಮೆ. ಅವಳ ಎಂಟು ವರ್ಷದ ಮಗಳು ಯಶೋಧರಾ ನಮ್ಮಲ್ಲೇ ಇದ್ದು ಶಾಲೆಗೆ ಹೋಗುತ್ತಾಳೆ. ಅವ್ವನಿಲ್ಲದ ದಿನ ಹುಡುಗಿಗೆ ಜೊತೆಯಿರಲೆಂದು ಒಂದು ಗಾಜಿನ ತೊಟ್ಟಿ, ನಾಲ್ಕು ಕೆಂಪು ಮೀನು. ತಿಂಗಳೊಳಗೆ ಮೂರು ತೇಲಿದವು. ಉಳಿದ ಒಂದರ ಮುಂದೆ ಕೂತ ಹುಡುಗಿ ಸರಿಯಾಗಿ ಉಣ್ಣುವುದನ್ನೇ ಬಿಟ್ಟಳು.

"ಮುತ್ಯಾ, ಇದೂ ಸಾಯ್ತದೇನು?"

ಮೀನು ಮಾರಿದ ಖಾದರಸಾಬನಿಗೆ ಫೋನು ಹಚ್ಚಿ ಜಗಳಕ್ಕೆ ನಿಂತೆ. "ಎಂಥಾ ರೋಗದ ಮೀನು ಕೊಟ್ಟೀರಿ?"

ಅವನದು ತಾಳ್ಮೆಯ ದನಿ. "ಯಾವ ನೀರು ಹಾಕ್ತೀರಿ?"

"ನಳದ್ದು. ಬಿಟ್ಟ ಕೂಡ್ಲೇ ಹಿಡಿದ ತಾಜಾ ನೀರು. ನಮ್ಮ ಮನಿಯಾಕಿ ಪ್ರತಿ ಸಲ ಹಳೇದು ಪೂರಾ ಚೆಲ್ಲಿ ಹೊಸಾದು ತುಂಬ್ತಾಳ."

"ಅಲ್ಲೇ ತಪ್ಪಾಗ್ಯಾದ್ರಿ. ಅದರಾಗ ಬ್ಲೀಚಿಂಗ್ ಇರ್ತದಲ್ಲ? ನಮಗ ಅದು ಔಷಧ, ಮೀನಿಗಿ ವಿಷ. ಕಿವಿರು ಸುಡ್ತದ. ಅಗಲ ಬೋಗುಣಿಯೊಳಗ ಒಂದು ದಿನ ಪೂರಾ ನೀರು ತೆರದಿಡ್ರಿ, ಆಗಾಗ ಕಲಕ್ರಿ, ಹಾರಿ ಹೋಗ್ತದ. ಆಮ್ಯಾಲ ತೊಟ್ಟಿಯಾಗಿನ ನೀರು ಕಾಲುಭಾಗ ತಗದು ಇದನ್ನ ಹಾಕ್ರಿ. ಪೂರಾ ಚೆಲ್ಲಬ್ಯಾಡ್ರಿ."

ಫೋನಿಟ್ಟು ಅಂಗೈ ಮೂಸಿದೆ. ಪುಡಿಯ ವಾಸನೆ ಇನ್ನೂ ಇತ್ತು. ಮೂರು ಮೀನು ಕೊಂದ ಕೈ. ಟಾಕಿಗೆ ಪುಡಿ ಕಡಿಮೆ ಹಾಕಿದರೆ ಹೇಗೆ ಎಂದು ಒಂದು ಗಳಿಗೆ ಅನಿಸಿದ್ದು ಸುಳ್ಳಲ್ಲ. ಆದರೆ ಅದನ್ನು ಕುಡಿಯುವ ಮನೆಗಳಲ್ಲಿ ಎಷ್ಟು ಕೂಸುಗಳಿವೆಯೋ. ಆ ಯೋಚನೆ ಬಂದದ್ದಕ್ಕೇ ನಾಚಿಕೆಯಾಯಿತು.

ಅಂದೇ ಟಾಕಿಯಿಂದ ಒಂದು ಕೊಡ ನೀರು ತಂದು ಬೋಗುಣಿಗೆ ಸುರಿದು ಅಂಗಳದಲ್ಲಿಟ್ಟೆ. ನನ್ನ ಪುಡಿಯ ಸಂಗತಿಯನ್ನು ಹೆಂಡತಿ ರುಕ್ಮಿಣಿಬಾಯಿಗೆ ಹೇಳಲು ಬಾಯಿ ಬರಲಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಓಣಿಯ ಸರದಿ. ನಳ ಬಿಟ್ಟು ಮನೆಗೆ ಬಂದರೆ ಬೋಗುಣಿ ಬೋರಲು, ನೀರೆಲ್ಲ ಲಿಂಬೆಗಿಡದ ಬುಡಕ್ಕೆ. ರುಕ್ಮಿಣಿಬಾಯಿ ತಾಜಾ ನೀರಿನ ಕೊಡ ಹಿಡಿದು ಮೀನಿನ ತೊಟ್ಟಿಯ ಮುಂದೆ ಬಗ್ಗಿದ್ದಳು. ಪುಣ್ಯಕ್ಕೆ ತೊಟ್ಟಿಯ ನೀರನ್ನು ಇನ್ನೂ ಚೆಲ್ಲಿರಲಿಲ್ಲ.

"ಹಾಕಬ್ಯಾಡ ಬೇ!" ಎಂದು ಕೂಗಿ ಕೊಡಕ್ಕೇ ಕೈ ಹಾಕಿದೆ. ಉಸಿರು ಬಿಡದೆ ಎಲ್ಲ ಹೇಳಿದೆ, ನನ್ನ ಪುಡಿಯ ಸಂಗತಿಯನ್ನೂ.

ಅವಳು ನಂಬಲಿಲ್ಲ. "ನಿನ್ನಿ ನೀರು ಕೊಡೂದಾ ಅದಕ್ಕ?"

ನಳ ಬಂದಾಗಲೆಲ್ಲ ಅವಳು ಉಳಿದ ನೀರನ್ನು ಚೆಲ್ಲಿಯೇ ತುಂಬುವವಳು. ನೀರು ಬಿಡುವವನ ಹೆಂಡತಿಯ ದೌಲತ್ತು ಎಂದು ನಾನು ಇಪ್ಪತ್ತೆರಡು ವರ್ಷ ಚೇಷ್ಟೆ ಮಾಡಿದ್ದೇನೆ. ಯಾಕೆಂದು ಒಮ್ಮೆಯೂ ಕೇಳಿರಲಿಲ್ಲ.

"ಸಣ್ಣಾಕಿ ಇದ್ದಾಗ ತವರಾಗ ನಮಗ ಬಾವಿ ಮುಟ್ಟಾಕ ಬಿಡ್ತಿದ್ದಿಲ್ಲರಿ," ಎಂದಳು, ಕೊಡ ಬಿಡದೆ. "ಕೊಡ ಇಟಗೊಂಡು ದೂರ ಕೂಡ್ತಿದ್ದೆವು. ಅವರು ತಾಜಾ ನೀರು ಸೇದಕೊಂಡು, ತಮ್ಮ ಕೊಡದಾಗ ಉಳಿದ ನಿನ್ನಿ ನೀರು ನಮಗ ಮ್ಯಾಲಿಂದ ಸುರೀತಿದ್ದರು. ನನ್ನ ಮನ್ಯಾಗ ಯಾರಿಗೂ ನಿನ್ನಿ ನೀರು ಕೊಡಂಗಿಲ್ಲ ಅಂತ ಅವತ್ತೇ ಅನಕೊಂಡೀನಿ. ಮೀನಾದ್ರೂ ನಮ್ಮ ಮನ್ಯಾಗಿನ ಜೀವ ಅಲ್ಲೇನ್ರಿ?"

ನಾನು ಕೊಡದಿಂದ ಕೈ ತೆಗೆದೆ. ಮಾತಾಡಿದವಳು ಯಶೋಧರಾ. "ಆಯಿ, ಇದೊಂದೇ ಉಳದದ."

ರುಕ್ಮಿಣಿಬಾಯಿ ಮೊಮ್ಮಗಳ ಮುಖ ನೋಡಿದಳು. ಆಮೇಲೆ ಕೊಡದ ನೀರನ್ನು ಬೋಗುಣಿಗೆ ಸುರಿದಳು. ಅಂದು ಮನೆಗೆಲಸದ ನಡುವೆ ಮತ್ತೆ ಮತ್ತೆ ಬಂದು ಸೌಟಿನಿಂದ ಕಲಕಿದಳು, ಅನ್ನದ ಎಸರು ನೋಡುವ ಹಾಗೆ ಬಗ್ಗಿ ಮೂಸಿದಳು.

ಮರುದಿನ ಬೆಳಿಗ್ಗೆ ನಾನು ತೊಟ್ಟಿಯ ಕಾಲುಭಾಗ ನೀರು ತೆಗೆದ ಕೂಡಲೇ ಹುಡುಗಿ ಚೊಂಬು ಹಿಡಿದು ಓಡಿ ಬಂದಳು.

"ತಡಿ," ಎಂದಳು ಅಜ್ಜಿ. ಬೋಗುಣಿಯಿಂದ ಒಂದು ಗ್ಲಾಸು ನೀರು ತುಂಬಿಕೊಂಡಳು. ಕಣ್ಣು ಮುಚ್ಚಿ, ತಳದ ತನಕ ಕುಡಿದಳು.

"ನಾ ಕುಡೀಲಾರದ್ದು ಇನ್ನೊಬ್ಬರಿಗಿ ಹ್ಯಾಂಗ ಕೊಡ್ಲಿ?" ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಈಗ ಹಾಕು. ಸಾವಕಾಶ."

ಮೀನು ಕಲ್ಲಿನ ಹಿಂದೆ ಅಡಗಿತು. ಮಧ್ಯಾಹ್ನದ ಹೊತ್ತಿಗೆ ಮೇಲೆ ಬಂದು ಕಾಳು ತಿಂದಿತು. ಯಶೋಧರಾ ಅಲ್ಲಿಯೇ ಕೂತು ಎರಡು ರೊಟ್ಟಿ ತಿಂದಳು.

ಈಗ ಎರಡು ತಿಂಗಳಾಯಿತು. ನಳ ಬಂದ ದಿನ ರುಕ್ಮಿಣಿಬಾಯಿ ಮನೆಯ ನೀರೆಲ್ಲ ಚೆಲ್ಲುವುದನ್ನು ಬಿಟ್ಟಿಲ್ಲ. ಅಂಗಳದ ಬೋಗುಣಿಯನ್ನು ಮಾತ್ರ ಯಾರಿಗೂ ಮುಟ್ಟಗೊಡುವುದಿಲ್ಲ. ಅದರಿಂದ ಮೀನಿಗೆ ಹಾಕುವ ಮುಂಚೆ ಮೊದಲ ಗ್ಲಾಸು ಇವತ್ತಿಗೂ ಅವಳೇ ಕುಡಿಯುತ್ತಾಳೆ.